ಹಳೇ ವಿ8 ಎಂಜಿನ್‌ಗೆ ಎಷ್ಟು ಇಂಚಿನ ಕ್ಲಚ್ ಹಾಕಬೇಕು?

ದಾವಣಗೆರೆಯಿಂದ ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಫೋರ್ಡ್ ಫ್ಲಾಟ್‌ಹೆಡ್ ವಿ8 ಎಂಜಿನ್. ಪಕ್ಕದಲ್ಲಿ 9, 10, 11 ಇಂಚು ಅಡ್ಡಳತೆಯ ಮೂರು ಕ್ಲಚ್ ಪ್ಲೇಟ್ ಇವೆ, ಅಂದರೆ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಬಿಲ್ಲೆಗಳು. ನಮ್ಮ ಮೇಸ್ತ್ರಿ ಒಂದೇ ಮಾತಲ್ಲಿ ಮುಗಿಸಿದರು: "ಹೆಂಗೂ ಎಂಜಿನ್ ಇಳಿಸೀವಿ, ದೊಡ್ಡದೇ ಹಾಕಿಬಿಡ್ರಿ ಸರ್." ಅವರ ಕೆಲಸದ ಮೇಲೆ ನನಗೆ ತುಂಬಾ ಗೌರವ. ಆದರೆ ಈ ವಿಷಯದಲ್ಲಿ ನಾನು ಒಪ್ಪಲಿಲ್ಲ.

1932ರಲ್ಲಿ ಈ ವಿ8 ಬಂದಾಗ ಅದು 221 ಘನ ಇಂಚಿನದು, ಅಂದರೆ ಸುಮಾರು 3.6 ಲೀಟರ್. ಶಕ್ತಿ 65 ಎಚ್‌ಪಿ. ಕಾರಿಗೆ 9 ಇಂಚಿನ ಕ್ಲಚ್ ಸಾಕಾಗುತ್ತಿತ್ತು. 11 ಇಂಚಿನದು ಲಾರಿಗಳಿಗೆ ಬರುತ್ತಿತ್ತು. ಆಮೇಲೆ ಅಮೆರಿಕದ ಹಾಟ್‌ರಾಡ್ ಹುಡುಗರು, ಅಂದರೆ ಹಳೇ ಕಾರಿನ ಶಕ್ತಿ ಹೆಚ್ಚಿಸಿ ಓಡಿಸುವವರು, ಇದೇ ಎಂಜಿನ್‌ನ ಬೋರ್ (ಸಿಲಿಂಡರಿನ ಅಗಲ) ದೊಡ್ಡದು ಮಾಡಿಸಿದರು. 1949ರ ಮರ್ಕ್ಯುರಿ ಕಾರಿನ 4 ಇಂಚು ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಕ್ರ್ಯಾಂಕ್ ತಂದು ಕೂರಿಸಿದರು. ನಮ್ಮ ಎಂಜಿನ್‌ನಲ್ಲೂ ಅದೇ ಕ್ರ್ಯಾಂಕ್ ಇದೆ, ಟಾರ್ಕ್, ಅಂದರೆ ತಿರುಗಿಸುವ ಬಲ, ಜಾಸ್ತಿ. ಹಾಗಾಗಿ 9 ಇಂಚು ಬೇಡ ಅನ್ನೋದು ನನಗೆ ಮೊದಲೇ ಸ್ಪಷ್ಟವಿತ್ತು.

ಹಾಗಾದರೆ 11 ಯಾಕಲ್ಲ? ಇಲ್ಲೇ ಇರೋದು ವಿಷಯ.

ಪ್ಲೇಟ್ ಅಗಲವಾದಷ್ಟೂ ಹಿಡಿತ ಜಾಸ್ತಿ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಹಿಡಿತ ನಿಂತಿರೋದು ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಎಷ್ಟು ಜೋರಾಗಿ ಒತ್ತುತ್ತದೆ, ಕ್ಲಚ್ ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಎಷ್ಟು ಕಚ್ಚುತ್ತದೆ, ಆ ಒತ್ತಡ ನಡುವಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಅನ್ನೋದರ ಮೇಲೆ. ಅದೇ ಸ್ಪ್ರಿಂಗ್, ಅದೇ ಲೈನಿಂಗ್ ಇಟ್ಟು 9ರಿಂದ 11 ಇಂಚಿಗೆ ಹೋದರೆ ಲೈನಿಂಗಿನ ಜಾಗ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಹಿಡಿತ ಹೆಚ್ಚೋದು ಶೇಕಡಾ 22ರಷ್ಟು ಮಾತ್ರ! ಉಳಿದ ಲಾಭ ಬಿಸಿ ತಡೆಯೋದಕ್ಕೆ, ಸವೆತ ಕಡಿಮೆ ಆಗೋದಕ್ಕೆ. ಲೋಡು ಹೊತ್ತು ದಿನವೆಲ್ಲ ಓಡುವ ಲಾರಿಗೆ ಅದು ಬೇಕು. ನಮ್ಮ ಗಾಡಿ ಮಡ್‌ಗಾರ್ಡ್, ಬಾನೆಟ್ ಬಿಚ್ಚಿಟ್ಟ ಹಗುರ ಗಾಡಿ.

ದೊಡ್ಡ ಪ್ಲೇಟಿಗೆ ತೂಕವೂ ಜಾಸ್ತಿ. ಪೆಡಲ್ ಒತ್ತಿದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಈ ಹಳೇ ಫೋರ್ಡ್ ಗೇರ್‌ಬಾಕ್ಸಿನಲ್ಲಿ ಸಿಂಕ್ರೊ (ಗೇರ್ ಹಾಕುವಾಗ ಹಲ್ಲುಗಳ ವೇಗ ಹೊಂದಿಸುವ ಭಾಗ) ಇರೋದು ಎರಡನೇ ಮತ್ತು ಮೂರನೇ ಗೇರಿಗೆ ಮಾತ್ರ. ಪಿ.ಬಿ. ರೋಡಿನ ಟ್ರಾಫಿಕ್‌ನಲ್ಲಿ ಪದೇ ಪದೇ ನಿಂತು ಫಸ್ಟ್ ಗೇರ್ ಹಾಕುವಾಗ ಕರ್ರ್ ಅನ್ನೋ ಸದ್ದು ಕೇಳೋದು ನನಗಂತೂ ಇಷ್ಟವಿಲ್ಲ. ಎಂಬತ್ತು ವರ್ಷ ಹಳೆಯ ಹಲ್ಲುಗಳು, ಹೊಸದು ಸುಮ್ನೆ ಸಿಗೋದಿಲ್ಲ.

ಅದಕ್ಕೆ ನನ್ನ ಆಯ್ಕೆ 10 ಇಂಚು, ಜೊತೆಗೆ ಸ್ವಲ್ಪ ಗಟ್ಟಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್. ಕಾಲಿಗೆ ಭಾರ ಬೀಳುತ್ತದೆ, ನಿಜ. ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋಗಿ ಬರುವುದಕ್ಕೆ ಅದು ತೊಂದರೆ ಅಲ್ಲ.

ನೀವು ಪ್ಲೇಟ್ ಕೊಳ್ಳುವ ಮೊದಲು ಫ್ಲೈವೀಲ್ ನೋಡಿ, ಕ್ರ್ಯಾಂಕಿನ ತುದಿಯಲ್ಲಿ ಕ್ಲಚ್ ಕೂರುವ ಭಾರದ ಚಕ್ರ ಅದು. ಹೊಸ ಪ್ರೆಷರ್ ಪ್ಲೇಟಿನ ಬೋಲ್ಟ್ ತೂತುಗಳು ಅದರಲ್ಲಿವೆಯಾ? ಲೈನಿಂಗ್ ಕೂರುವಷ್ಟು ಅಗಲದ ಮುಖ ಇದೆಯಾ? ನೀಲಿ ಕಲೆ, ಕೂದಲೆಳೆ ಬಿರುಕು ಇದ್ದರೆ ಲೇತ್‌ನವರಿಗೆ ತೋರಿಸಿ. ಪ್ಲೇಟಿನ ನಡುವಿನ ಸ್ಪ್ಲೈನ್ (ಹಲ್ಲಿನ ಸಾಲು) ಗೇರ್‌ಬಾಕ್ಸ್ ಶಾಫ್ಟಿಗೆ ಸರಿಯಾಗಿ ಕೂರಬೇಕು, ಕೈಯಲ್ಲೇ ಜಾರಿಸಿ ನೋಡಿ.

ಇನ್ನೊಂದು. ಕ್ಲಚ್ ಸ್ಲಿಪ್ ಆಗುತ್ತಿದೆ ಅಂದ ಕೂಡಲೇ ಸೈಜ್ ಬದಲಿಸಬೇಡಿ. ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿ ಲೈನಿಂಗಿಗೆ ಆಯಿಲ್ ತಾಗಿದ್ದರೆ 11 ಇಂಚೂ ಜಾರುತ್ತದೆ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೇಸ್ತ್ರಿ ಈಗ ಫ್ಲೈವೀಲ್ ಬಿಚ್ಚುತ್ತಿದ್ದಾರೆ. 10 ಇಂಚಿನ ತೂತುಗಳು ಅದರಲ್ಲಿ ಇವೆ.