ಹುಳು ಜ್ವರಕ್ಕೆ ಕೂತಾಗ

ಕೇಳುಗರೆಲ್ಲರಿಗೂ ನಮಸ್ಕಾರ. ರೇಷ್ಮೆ ಅಂದ ಕೂಡಲೇ ರಾಮನಗರ, ಶಿಡ್ಲಘಟ್ಟದ ಕಡೆ ಗೂಡಿನ ರೇಟಿನ ಮಾತು ಶುರುವಾಗುತ್ತದೆ. ಇವತ್ತು ಅದು ಬೇಡ, ಹುಳುವಿನ ಬಗ್ಗೆ ಮಾತಾಡೋಣ.

ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ಬಂದಿರುವ ಈ ಹುಳು ಹಿಪ್ಪುನೇರಳೆ ಸೊಪ್ಪು ಹುಡುಕಿಕೊಂಡು ಹೋಗುವುದನ್ನೇ ಬಿಟ್ಟಿದೆ. ಚಿಟ್ಟೆಯಾದ ಮೇಲೂ ಹಾರಲಾರದು. ಕೊನೆಗೆ ನೂಲಿಗಾಗಿ ಗೂಡಿನೊಳಗೇ ಅದರ ಜೀವ ತೆಗೆಯುವವರೂ ನಾವೇ. ಹಾಗಾಗಿ ಅದು ಬದುಕಿರುವ ಆ ಒಂದು ತಿಂಗಳಾದರೂ ಅದಕ್ಕೆ ಹಿಂಸೆಯಾಗದಂತೆ ನೋಡಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ಬಿಟ್ಟು ಹಳೇ ಚರ್ಮ ಕಳಚುತ್ತದೆ, ಅಲ್ವಾ? ಆಗ ಸ್ವಲ್ಪ ಬಗ್ಗಿ ನೋಡಿ. ಮೈ ಬಿಗಿದು ಹೊಳೆಯುತ್ತಿರುತ್ತದೆ, ಬಾಯಿಂದ ಸಣ್ಣ ಎಳೆ ಬಿಟ್ಟು ಕೆಳಗಿನ ಸೊಪ್ಪಿನ ಹಾಸಿಗೆಗೆ ಕಾಲು ಅಂಟಿಸಿಕೊಂಡು ತಲೆ ಎತ್ತಿ ಸುಮ್ನೆ ಕೂತಿರುತ್ತದೆ. ಹಳೇ ಚರ್ಮದಿಂದ ಹೊರಗೆ ಬರಲು ಅದಕ್ಕೆ ಆ ಹಿಡಿತ ಬೇಕು. ಆಗ ಕೈ ಹಾಕಬೇಡಿ, ಜಾಗ ಬದಲಿಸಬೇಡಿ. ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, ಗಾಳಿಯಾಡಲು ಬಿಡಿ. ನಾಲ್ಕು ಹುಳು ಎದ್ದವು ಅಂತ ಆಗಲೇ ಸೊಪ್ಪು ಹಾಕಿಬಿಟ್ಟರೆ ಅವು ಮುಂದೆ ಹೋಗುತ್ತವೆ, ಉಳಿದವು ಸೊಪ್ಪಿನಡಿ ಸಿಕ್ಕಿಕೊಂಡು ಸೊರಗುತ್ತವೆ. ಹೆಚ್ಚುಕಡಿಮೆ ಎಲ್ಲವೂ ಏಳುವ ತನಕ ತಾಳಿ.

ಹುಳುವಿನ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳಿವೆ, ಒಂದೊಂದು ಕಡೆ ಒಂಬತ್ತು. ಉಸಿರಾಡುವುದು ಅವುಗಳಿಂದಲೇ. ಹುಳು ಮನೆಯಲ್ಲಿ ಬೀಡಿ, ಹೊಗೆಸೊಪ್ಪು ಬೇಡವೇ ಬೇಡ. ಪಕ್ಕದ ಹೊಲದವರು ಔಷಧಿ ಹೊಡೆಯುವಾಗ ಹಿಪ್ಪುನೇರಳೆ ಮೇಲೂ ಬಿದ್ದಿದ್ದರೆ ಆ ಸೊಪ್ಪನ್ನು ಕೊಯ್ಯಬೇಡಿ.

ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲೆ. ಆಗ ಜಾಗವೂ ಅಷ್ಟೇ ಬೇಕು. ಒತ್ತೊತ್ತಾಗಿ ಬಿಟ್ಟರೆ ಹಾಸಿಗೆ ಒದ್ದೆಯಾಗಿ ಕಾವೇರುತ್ತದೆ, ರೋಗ ನುಗ್ಗುತ್ತದೆ. 24-25 ಡಿಗ್ರಿ ಇದ್ದರೆ ಹುಳುವಿಗೆ ಹಿತ. 1980ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣ ಹುಳುವಿನ ಮೈಮೇಲೇ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಕಿಟಕಿ ಬಾಗಿಲಿಗೆ ಬಲೆ ಹಾಕಿಸಲು ಹಿಂದೆಮುಂದೆ ನೋಡಬೇಡಿ.

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವಾಗಲೂ ಒಂದರ ಮೇಲೊಂದು ಸುರಿಯಬೇಡಿ. ಹಣದ ಅವಸರಕ್ಕೆ ಮೂರನೇ ದಿನಕ್ಕೇ ಗೂಡು ಬಿಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಒಳಗೆ ಪ್ಯೂಪಾ, ಅಂದರೆ ಚಿಟ್ಟೆಯಾಗುವ ಮುಂಚಿನ ರೂಪ, ಆಗ ಇನ್ನೂ ಸರಿಯಾಗಿ ಆಗಿರುವುದಿಲ್ಲ, ಚರ್ಮ ಎಳೆಯದು, ಒಡೆದು ರಸ ಸೋರಿ ಗೂಡೂ ಕಲೆಯಾಗುತ್ತದೆ.