ಭಾಷಣದ ಕೊನೆಯ ಸಾಲು ಮೊದಲು ಬರೆಯಿರಿ

"ಕೊನೆಯದಾಗಿ ಒಂದೇ ಒಂದು ಮಾತು" ಅಂತ ಹೇಳಿ, ಆಮೇಲೆ ಹತ್ತು ನಿಮಿಷ ಮಾತಾಡುವವರನ್ನು ನೀವೂ ನೋಡಿದ್ದೀರಿ, ಅಲ್ವಾ? ನಾನೂ ಹಾಗೆ ಮಾಡಿದ್ದೇನೆ. ಹೇಳಬೇಕಾದದ್ದೆಲ್ಲ ಮುಗಿದಿತ್ತು, ಆದರೆ ಮೈಕ್ ಬಿಟ್ಟು ಇಳಿಯೋದು ಹೇಗೆ ಅಂತ ಗೊತ್ತಾಗಲಿಲ್ಲ. ಹೇಳಿದ್ದನ್ನೇ ಹೇಳಿ, ಕೊನೆಗೆ "ಅಷ್ಟೇ... ಧನ್ಯವಾದ" ಅಂದೆ. ಚಪ್ಪಾಳೆ ಜೋರಾಗಿಯೇ ಬಂತು. ಅದು ಸದ್ಯ ಮುಗೀತಲ್ಲ ಅನ್ನುವ ಚಪ್ಪಾಳೆ!

ಆರಂಭವನ್ನು ನಾವು ಹತ್ತು ಸಲ ತಿದ್ದುತ್ತೇವೆ. ಕೊನೆ ಮಾತ್ರ "ಅಲ್ಲೇ ನೋಡಿಕೊಂಡರಾಯಿತು".

(ಪರದೆಯಲ್ಲಿ: 1964, ಏಪ್ರಿಲ್ 20)

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದ ನ್ಯಾಯಾಲಯ. ಆರೋಪಿಯ ಜಾಗದಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ನೆಲ್ಸನ್ ಮಂಡೇಲಾ. ಗಲ್ಲು ಶಿಕ್ಷೆ ಆದರೂ ಆಗಬಹುದಿತ್ತು. ಅವರು ಗಂಟೆಗಟ್ಟಲೆ ಹಾಳೆ ನೋಡಿ ಓದಿದರು. ಕೊನೆಗೆ ಹಾಳೆ ಕೆಳಗಿಟ್ಟು, ನ್ಯಾಯಾಧೀಶರ ಕಡೆ ತಿರುಗಿ, ಬಾಯಿಪಾಠ ಮಾಡಿಕೊಂಡಿದ್ದ ಸಾಲುಗಳನ್ನು ಹೇಳಿದರು. ಎಲ್ಲರೂ ಸಮಾನರಾಗಿ ಬಾಳುವ ಸಮಾಜ ನೋಡಬೇಕು, ಅಗತ್ಯ ಬಿದ್ದರೆ ಅದಕ್ಕಾಗಿ ಸಾಯಲೂ ಸಿದ್ಧ ಅನ್ನುವುದು ಅದರ ತಿರುಳು. ಈ ಮಾತು ಬೇಡವೇ ಬೇಡ ಅಂತ ವಕೀಲರು ಮೊದಲೇ ಹೇಳಿದ್ದರು. ಮಂಡೇಲಾ ತೆಗೆಯಲಿಲ್ಲ, "ಅಗತ್ಯ ಬಿದ್ದರೆ" ಅನ್ನೋದನ್ನು ಸೇರಿಸಿದರು, ಅಷ್ಟೇ. ಕೊನೆಯ ಸಾಲಿನ ಮೇಲೆ ಇಷ್ಟು ಚರ್ಚೆ ನಡೆದಿತ್ತು ನೋಡಿ. ಅದಾದ ಮೇಲೆ ಒಂದು ಪದವೂ ಇಲ್ಲ. ಕೂತುಬಿಟ್ಟರು.

ನಮ್ಮದು ಅಂಥ ಸಂದರ್ಭ ಅಲ್ಲ, ಸರಿ. ಸಹೋದ್ಯೋಗಿಯ ಬೀಳ್ಕೊಡುಗೆ ಅಂದುಕೊಳ್ಳಿ. ಸಾಮಾನ್ಯವಾಗಿ ಹೇಗೆ ಮುಗಿಸುತ್ತೇವೆ? "ಅವರ ಮುಂದಿನ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತಾ ನನ್ನ ಎರಡು ಮಾತು ಮುಗಿಸುತ್ತೇನೆ." ಯಾರ ಬೀಳ್ಕೊಡುಗೆಗಾದರೂ ಹೊಂದುತ್ತದೆ. ತೊಂದರೆ ಇರೋದೇ ಅಲ್ಲಿ.

ಈಗ ಹೀಗೆ ನೋಡಿ. ಮಾತು ಶುರು ಮಾಡುವಾಗ: "ನಾನು ಸೇರಿದ ದಿನ ನನಗೆ ಕೂರಲು ಕುರ್ಚಿ ಇರಲಿಲ್ಲ. ಇವರು ತಮ್ಮದನ್ನು ಕೊಟ್ಟು, ಸಂಜೆವರೆಗೂ ನಿಂತೇ ಕೆಲಸ ಮಾಡಿದರು." ಮುಗಿಸುವಾಗ: "ನಾಳೆ ಆ ಕುರ್ಚಿ ಖಾಲಿ ಇರುತ್ತದೆ. ಅದರಲ್ಲಿ ಕೂರೋಕೆ ನನಗಂತೂ ಮನಸ್ಸು ಬರಲ್ಲ."

ಕುರ್ಚಿ ಮೊದಲೂ ಬಂತು, ಕೊನೆಗೂ ಬಂತು. ಭಾಷಣ ಮುಗೀತು ಅಂತ ಬಾಯಿಬಿಟ್ಟು ಹೇಳೋದೇ ಬೇಡ, ಜನರಿಗೆ ಗೊತ್ತಾಗುತ್ತದೆ. ಅದಕ್ಕೇ ಬರೆಯೋಕೆ ಕೂತಾಗ ಮೊದಲು ಕೊನೆಯ ಸಾಲು ಬರೆಯಿರಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ದಾರಿಯಲ್ಲಿ ಏನು ಬಿಡಬೇಕು ಅನ್ನೋದೂ ಗೊತ್ತಾಗುತ್ತದೆ. ಆ ಸಾಲನ್ನು ಮಾತ್ರ ಬಾಯಿಪಾಠ ಮಾಡಿ. ಅಲ್ಲಿ ಹೊಸ ವಿಷಯ ಬೇಡ.

ವಂದನೆಗಳ ಪಟ್ಟಿ ಇದ್ದೇ ಇರುತ್ತದೆ. ಅದನ್ನು ಕೊನೆಯ ಸಾಲಿಗೆ ಮುಂಚೆಯೇ ಮುಗಿಸಿ. ಆಮೇಲೆ ಕುರ್ಚಿಯ ಮಾತು ಹೇಳಿ, ಎರಡು ಸೆಕೆಂಡ್ ಸುಮ್ನೆ ನಿಲ್ಲಿ. ಹಾಳೆ ಮಡಚೋದನ್ನು ಜಾಗಕ್ಕೆ ಹೋದ ಮೇಲೆ ಮಾಡಬಹುದು.