ಸಂಕ್ರಾಂತಿಗೂ ಮೊದಲೇ ತಿರುಗುವ ಸೂರ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಕ್ರಾಂತಿ ಹತ್ತಿರ ಬಂತು. ಮನೆಗಳಲ್ಲಿ ಎಳ್ಳು ಹುರಿಯುವುದು, ಕೊಬ್ಬರಿ ಬೆಲ್ಲ ಹೆಚ್ಚುವುದು ಶುರುವಾಗಿರುತ್ತದೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಊರುಗಳು ನಮ್ಮ ಹಾಸನದ ಕಡೆ ಇನ್ನೂ ಇವೆ. ಯಾಕೆ ಈ ಹಬ್ಬ ಅಂತ ಮಕ್ಕಳು ಕೇಳಿದರೆ, ಸೂರ್ಯ ಉತ್ತರಕ್ಕೆ ತಿರುಗಿದ, ಉತ್ತರಾಯಣ ಬಂತು ಅನ್ನುತ್ತೇವೆ. ಆದರೆ ಅಷ್ಟು ಹೊತ್ತಿಗೆ ಸೂರ್ಯ ತಿರುಗಿ ಮೂರು ವಾರ ದಾಟಿರುತ್ತದೆ.

ಇದನ್ನು ನೀವೇ ನೋಡಬಹುದು. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚುತ್ತದೆ. ವರ್ಷದಲ್ಲಿ ನಡುಹಗಲ ನೆರಳು ಅದಕ್ಕಿಂತ ಉದ್ದ ಆಗುವುದೇ ಇಲ್ಲ. ಮಾರನೇ ದಿನದಿಂದ ಚೂರುಚೂರೇ ಗಿಡ್ಡವಾಗುತ್ತದೆ. ಕಾಫಿ ಒಣಗಿಸುವವರಿಗೆ ಇದು ಹೊಸದಲ್ಲ. ಆ ದಿನಗಳಲ್ಲಿ ಮನೆಯ ಉತ್ತರಕ್ಕಿರುವ ಕಣಕ್ಕೆ ನೆರಳು ಜಾಸ್ತಿ, ಅಲ್ವಾ?

ಭೂಮಿ ಸುಮಾರು 23.4 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಹಗಲು ಹಿಗ್ಗುವುದು, ಕುಗ್ಗುವುದು ಎಲ್ಲ ಅದರಿಂದಲೇ.

ಹಾಗಾದರೆ ಸಂಕ್ರಾಂತಿ ಯಾಕೆ ತಡ? ಅದು ಸೂರ್ಯ ಮಕರ ರಾಶಿಗೆ ಬರುವ ದಿನ, ನಕ್ಷತ್ರಗಳ ಲೆಕ್ಕ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಆದರೆ ಭೂಮಿಯ ಅಕ್ಷ, ತಿರುಗುವ ಬುಗುರಿಯ ತಲೆಯ ಹಾಗೆ, ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹೀಗಾಗಿ ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷ ದೊಡ್ಡದು. 70 ವರ್ಷಕ್ಕೆ ಸುಮಾರು ಒಂದು ದಿನ ಹಿಂದೆ ಬೀಳುತ್ತೇವೆ. ಹಿಂದಿನವರಿಗೆ ಲೆಕ್ಕ ತಪ್ಪಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಪಂಚಾಂಗದಲ್ಲಿ ಅಯನಾಂಶ ಅಂತ ಇರುತ್ತದಲ್ಲ, ಅದು ಈ ವ್ಯತ್ಯಾಸದ್ದೇ ಲೆಕ್ಕ.

ಉತ್ತರದ ದೇಶಗಳಲ್ಲಿ ಈ ತಿರುವು ಬದುಕಿನ ಪ್ರಶ್ನೆಯಾಗಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರಿನ ಹಗಲು ಆರು ಗಂಟೆ, ಜೂನಿನದು ಹದಿನೆಂಟೂವರೆ. ನಮ್ಮಲ್ಲಿ ಆ ಎರಡಕ್ಕೂ ವ್ಯತ್ಯಾಸ ಬರೀ ಒಂದೂವರೆ ಗಂಟೆ. ಅವರು ಜೂನಿನಲ್ಲಿ ರಾತ್ರಿಯಿಡೀ ಕುಣಿಯುತ್ತಾರೆ ಅಂದರೆ ಆಶ್ಚರ್ಯವೇನು? ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಕಲ್ಲುಗಳನ್ನೂ ಜೂನ್ 21ರ ಆಸುಪಾಸಿನಲ್ಲಿ ಸೂರ್ಯ ದಕ್ಷಿಣಕ್ಕೆ ತಿರುಗುವ ದಿನದ ಸೂರ್ಯೋದಯದ ದಿಕ್ಕು ನೋಡಿಯೇ ನಿಲ್ಲಿಸಿದ್ದಾರೆ. ರೋಮನ್ನರ ಹಳೆಯ ಕ್ಯಾಲೆಂಡರಿನಲ್ಲಿ ಚಳಿಗಾಲದ ತಿರುವು ಡಿಸೆಂಬರ್ 25ಕ್ಕೆ. ಪೆರುವಿನಲ್ಲಿ ಇಂಕಾಗಳ ಸೂರ್ಯನ ಹಬ್ಬ ಜೂನಿನಲ್ಲಿ ಬರುತ್ತದೆ. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ನಡುಚಳಿಗಾಲ ಬರುವುದೇ ಆಗ.

ನಮಗೆ ಜೂನ್ 21ರಂದು ಸೂರ್ಯನ ದೊಡ್ಡ ಹಬ್ಬ ಯಾಕಿಲ್ಲ? ನನಗೆ ತೋಚುವುದು ಇಷ್ಟು. ಅಂದು ನಮ್ಮ ಕೋಲಿನ ನೆರಳು ಉಲ್ಟಾ, ದಕ್ಷಿಣಕ್ಕೆ ಬೀಳುತ್ತದೆ. ಉದ್ದ ಬರೀ 18 ಸೆಂಟಿಮೀಟರ್. ಆದರೆ ನೋಡುವುದು ಹೇಗೆ? ಸಕಲೇಶಪುರ, ಮೂಡಿಗೆರೆ ಕಡೆ ಆಗ ಮುಂಗಾರು ಮೋಡ ಕವಿದಿರುತ್ತದೆ. ಬಿಸಿಲಿನ ಕಾಲ ಮುಗಿದು, ಜನ ಮಳೆ ಕೆಲಸದಲ್ಲಿರುತ್ತಾರೆ.

ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವುದು ಅದಕ್ಕೂ ಮೊದಲು, ಏಪ್ರಿಲ್ 24ರ ಹೊತ್ತಿಗೆ. ಆಮೇಲೆ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಇರಬಹುದು, ಏಪ್ರಿಲನ್ನೇ ನೆಚ್ಚಿಕೊಳ್ಳಿ. ಮಧ್ಯಾಹ್ನ 12 ಗಂಟೆ 25 ನಿಮಿಷದ ಆಸುಪಾಸಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆದು, ಅದೇ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು ಬುಡದಲ್ಲೇ ಅಡಗಿಹೋಗಿರುತ್ತದೆ.

ನಮಸ್ಕಾರ.